ಗಣಕದ ಬಡಾವಣೆಯಲ್ಲಿ ಒಂದು ಖಾಲಿ ನಿವೇಶನ

ಬೆಂಗಳೂರು ನಗರವು ತಂತ್ರಾಂಶದ ರಾಜಧಾನಿಯೆಂದು ಲೋಕವಿಖ್ಯಾತವಾಗಿರುವುದು ನಮ್ಮ ವಾಚಕರಿಗೆ ತಿಳಿದ ವಿಷಯವೇ. ಆದರೆ ಈ ಕೀರ್ತಿಗೆ ಕಾರಣವಾದ ಕಸಬು ಎಂತಹುದೆಂದು ಕೇಳಿದರೆ, ಅದರಿಂದಲೇ ಅನ್ನ ಸಂಪಾದಿಸುವವರೂ ತಡವರಿಸುವುದುಂಟು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮೊದಲಾದ ಪಶ್ಚಿಮದ ಬಡಾವಣೆಗಳಲ್ಲಿ ಮಗನೋ ಸೊಸೆಯೋ ಮೊಮ್ಮಗಳೋ 'ಸಾಫ್ಟ್‌ವೇರಿನಲ್ಲಿ' ಇರುವ ಮನೆಗಳಿಗೆ ಲೆಕ್ಕವಿಲ್ಲ. ಮಗನು ಬ್ಯಾಂಕಿನಲ್ಲಿದ್ದರೆ ಹಣ ಎಣಿಸುತ್ತಾನೆಂದೂ, ಕಾರ್ಖಾನೆಯಲ್ಲಿದ್ದರೆ ಏನನ್ನೋ ತಯಾರಿಸುತ್ತಾನೆಂದೂ ಮನೆಯ ಅಜ್ಜಿ ಸಮಾಧಾನಪಟ್ಟುಕೊಳ್ಳಬಲ್ಲಳು. ಸಾಫ್ಟ್‌ವೇರಿನಲ್ಲಿರುವ ಮೊಮ್ಮಗಳು ಮಾಡುವುದೇನು? ದಿನವಿಡೀ ಬೆರಳಾಡಿಸಿದರೂ ಸಂಜೆಗೆ ಕೈಯಲ್ಲಿ ಹಿಡಿದು ತೋರಿಸುವಂತಹ ಪದಾರ್ಥವೊಂದೂ ಇಲ್ಲ. ಆದರೂ ತಿಂಗಳ ಕೊನೆಗೆ ಸಂಬಳ ಬರುತ್ತದೆ. ಇದು ಅಜ್ಜಿಯ ಪಾಲಿಗೆ ಮಾಯಾವಿದ್ಯೆಗಿಂತ ಕಡಿಮೆಯದಲ್ಲ.

ಅಜ್ಜಿಯ ಪ್ರಶ್ನೆ ನ್ಯಾಯವಾದುದು. ಅದಕ್ಕೆ ನ್ಯಾಯವಾದ ಉತ್ತರವೂ ಉಂಟು. ಈ ಕಸಬಿನ ಸಾರವು ನಾಲ್ಕು ಕೆಲಸಗಳಲ್ಲಿ ಅಡಗಿದೆಯೆಂದು ನಾವು ಬಗೆಯುತ್ತೇವೆ. ವಸ್ತುಗಳಿಗೆ ಹೆಸರಿಡುವುದು, ಅವಕ್ಕೆ ವಿಳಾಸ ಕೊಡುವುದು, ದೊಡ್ಡ ಕೆಲಸವನ್ನು ಪಾಲು ಮಾಡಿ ಹಂಚುವುದು, ಹರಿದುದಕ್ಕೆ ತೇಪೆ ಹಾಕುವುದು. ಈ ನಾಲ್ಕನ್ನೂ ಕಲಿಯಲು ಬೇಕಾದ ಪಠ್ಯಪುಸ್ತಕವು ನಮ್ಮ ಪಶ್ಚಿಮದ ಬಡಾವಣೆಗಳ ಬೀದಿಗಳಲ್ಲೇ ತೆರೆದು ಬಿದ್ದಿದೆ. 2021ರ ಆಗಸ್ಟಿನಲ್ಲಿ ನೇರಳೆ ಮಾರ್ಗದ ಮೆಟ್ರೋ ರೈಲು ಕೆಂಗೇರಿಗೆ ಬಂದಿತು. 2023ರ ಅಕ್ಟೋಬರಿನಲ್ಲಿ ಆ ಮಾರ್ಗವು ವೈಟ್‌ಫೀಲ್ಡಿನವರೆಗೆ ಅಖಂಡವಾಯಿತು. ಅಂದಿನಿಂದ ನಮ್ಮ ತರುಣರು ಪ್ರತಿದಿನ ಊರಿನ ಈ ತುದಿಯಿಂದ ಆ ತುದಿಗೆ ಪ್ರಯಾಣ ಮಾಡಿ, ತಮ್ಮ ಹೊಸಲಿನ ಮುಂದೆಯೇ ಇದ್ದ ವಿದ್ಯೆಯನ್ನು ಅಭ್ಯಾಸ ಮಾಡಿ, ರಾತ್ರಿ ದಣಿದು ಮರಳುತ್ತಿದ್ದಾರೆ.

ಮೊದಲು ವಿಳಾಸದ ವಿಷಯ. ಬಡಾವಣೆಯನ್ನು ನಕ್ಷೆಯಲ್ಲಿ ಎಳೆದ ಇಂಜಿನಿಯರು ಬಹು ಶಿಸ್ತಿನ ಮನುಷ್ಯ. ಉದ್ದಕ್ಕೆ 'ಮೇನು', ಅಡ್ಡಕ್ಕೆ 'ಕ್ರಾಸು'. ಒಂದನೆಯದು, ಎರಡನೆಯದು, ಮೂರನೆಯದು. ಎರಡು ಸಂಖ್ಯೆಗಳನ್ನು ಹೇಳಿದರೆ ಯಾವ ಮೂಲೆಯನ್ನಾದರೂ ಹುಡುಕಬಹುದು. ಗಣಕಯಂತ್ರವು ತನ್ನ ಸ್ಮೃತಿಯಲ್ಲಿ ವಸ್ತುಗಳನ್ನು ಜೋಡಿಸಿಡುವ ರೀತಿಯೂ ಇದೇ. ವ್ಯತ್ಯಾಸವಿಷ್ಟೆ: ನಮ್ಮ ಇಂಜಿನಿಯರು ಒಂದರಿಂದ ಎಣಿಸಿದರೆ, ಗಣಕದವರು ಬಹುಮಟ್ಟಿಗೆ ಸೊನ್ನೆಯಿಂದ ಎಣಿಸುತ್ತಾರೆ. ಅವರ ಕೈಯಲ್ಲಿ ನಕ್ಷೆಯಿದ್ದಿದ್ದರೆ ರಾಜಾಜಿನಗರಕ್ಕೆ 'ಸೊನ್ನೆಯನೆಯ ಬ್ಲಾಕು' ಎಂಬುದೊಂದು ಪ್ರಾಪ್ತವಾಗುತ್ತಿತ್ತು. ಅಂಚೆಯವನು ಅದನ್ನು ಶೂನ್ಯವೆಂದು ಬಗೆದು ಕಾಗದವನ್ನು ಹಿಂದಿರುಗಿಸುತ್ತಿದ್ದನು.

ನಕ್ಷೆ ಶಿಸ್ತಿನದು, ಜನರು ಶಿಸ್ತಿನವರಲ್ಲ. ಹದಿನಾಲ್ಕಕ್ಕೂ ಹದಿನೈದಕ್ಕೂ ನಡುವೆ ಹೊಸದೊಂದು ಬೀದಿ ಹುಟ್ಟಿಕೊಂಡರೆ ಏನು ಮಾಡುವುದು? ಹದಿನೈದನ್ನು ಹದಿನಾರು ಮಾಡಿದರೆ ಮುಂದಿನ ಬೀದಿಗಳೆಲ್ಲದರ ವಿಳಾಸವೂ ಕೆಡುತ್ತದೆ. ಮದುವೆಯ ಕರೆಯೋಲೆಗಳೆಲ್ಲವೂ ನೆರೆಬೀದಿಯವರ ಪಾಲಾಗುತ್ತವೆ. ಆದುದರಿಂದ '14ಎ' ಎಂಬ ಉಪಾಯವನ್ನು ಕಂಡುಹಿಡಿದರು. ಮನೆಗಳಿಗೆ ಮತ್ತೊಮ್ಮೆ ಸಂಖ್ಯೆ ಕೊಟ್ಟಾಗ ಗೋಡೆಯ ಮೇಲೆ 'ಹಳೆ ನಂ., ಹೊಸ ನಂ.' ಎಂದು ಎರಡನ್ನೂ ಬರೆಯಿಸಿದರು. ಸಾಫ್ಟ್‌ವೇರಿನ ಆಚಾರ್ಯರು ಇದೇ ನೀತಿಯನ್ನು ದೊಡ್ಡ ಹೆಸರುಗಳಿಂದ ಕರೆದು ಉಪನ್ಯಾಸ ಮಾಡುತ್ತಾರೆ. ಹಳೆಯದನ್ನು ನಂಬಿಕೊಂಡವನ ಕೈ ಬಿಡದೆ ಹೊಸದನ್ನು ತರಬೇಕು ಎಂಬುದೇ ಅದರ ತಿರುಳು. ನಮ್ಮ ಬಣ್ಣದವನು ಗೋಡೆಯ ಮೇಲೆ ಎಂದೋ ಅದನ್ನು ಬರೆದಿಟ್ಟಿದ್ದಾನೆ.

ಇನ್ನು ಕೆಲವು ವಿಳಾಸಗಳು ತಾವಾಗಿ ಏನನ್ನೂ ಹೇಳದೆ ಬೇರೊಂದರ ಕಡೆಗೆ ಕೈ ತೋರಿಸುತ್ತವೆ. ಮಾಗಡಿ ರಸ್ತೆಯಲ್ಲಿ ಮಾಗಡಿಯಿಲ್ಲ, ಮೈಸೂರು ರಸ್ತೆಯಲ್ಲಿ ಮೈಸೂರಿಲ್ಲ. ಹೀಗೆಯೇ ಹೋಗುತ್ತಿದ್ದರೆ ಅವು ದೊರೆಯುತ್ತವೆಂಬ ಭರವಸೆ ಮಾತ್ರ ಉಂಟು. ರಾಜಾಜಿನಗರದ ಮಗ್ಗುಲಲ್ಲಿ 'ವೆಸ್ಟ್ ಆಫ್ ಕಾರ್ಡ್ ರೋಡ್' ಎಂಬ ಬಡಾವಣೆಯೇ ಇದೆ. ತನಗೆ ಸ್ವಂತ ಹೆಸರಿಲ್ಲದೆ, ಮತ್ತೊಂದು ರಸ್ತೆಯ ಪಶ್ಚಿಮಕ್ಕಿದ್ದೇನೆಂಬುದನ್ನೇ ಹೆಸರಾಗಿ ಮಾಡಿಕೊಂಡು ಸಂಸಾರ ನಡೆಸುತ್ತಿರುವ ಬಡಾವಣೆಯಿದು. ನಾಳೆ ಆ ರಸ್ತೆಯ ಹೆಸರು ಬದಲಾದರೆ ಈ ಬಡಾವಣೆಯ ಗತಿಯೇನು? ಗಣಕದಲ್ಲಿಯೂ ಒಂದು ವಸ್ತುವು ಇನ್ನೊಂದನ್ನು ತೋರಿಸಿ ಬದುಕುವುದುಂಟು. ತೋರಿಸಿದ ಜಾಗದಲ್ಲಿ ವಸ್ತುವಿಲ್ಲದಿದ್ದರೆ ಇಡೀ ಕ್ರಮವಿಧಿಯೇ ಕುಸಿದು ಬೀಳುತ್ತದೆ.

ವಿನೋದವು ಇಲ್ಲಿಗೆ ಸಾಕು. ಇದೇ ಮೇನು ಕ್ರಾಸುಗಳ ಲೆಕ್ಕದಲ್ಲಿ ಕನ್ನಡದ ಒಂದು ಅಕ್ಷರಕ್ಕೆ ಆಗಿರುವ ಅನ್ಯಾಯವನ್ನು ಹೇಳುವುದೇ ಈ ಲೇಖನದ ಮುಖ್ಯ ಉದ್ದೇಶ.

ಲೋಕದ ಎಲ್ಲ ಲಿಪಿಗಳಿಗೂ ಗಣಕದಲ್ಲಿ ಒಂದೇ ವಿಳಾಸಪಟ್ಟಿಯಿರಬೇಕೆಂದು ರೂಪಿಸಿದ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. ಅದರ ಮೊದಲ ಆವೃತ್ತಿ ಹೊರಬಂದುದು 1991ರಲ್ಲಿ. ಅದರಲ್ಲಿ ಕನ್ನಡಕ್ಕೆ 128 ನಿವೇಶನಗಳ ಒಂದು ಬಡಾವಣೆ ದೊರೆತಿದೆ. ದೇವನಾಗರಿ, ತಮಿಳು, ತೆಲುಗು, ಮಲಯಾಳಗಳಿಗೂ ಅಷ್ಟಷ್ಟೇ. ಈ ಬಡಾವಣೆಗಳನ್ನು ಒಂದೇ ನಕ್ಷೆಯ ಮೇಲೆ ಹಾಕಿರುವುದರಿಂದ, ಒಂದು ಲಿಪಿಯಲ್ಲಿ 'ಕ' ಎಲ್ಲಿರುವುದೋ ಇನ್ನೊಂದು ಲಿಪಿಯಲ್ಲಿಯೂ ಅದೇ ಸ್ಥಾನದಲ್ಲಿರುತ್ತದೆ. ಸೊನ್ನೆಯಿಂದ ಎಣಿಸಿದರೆ ಅದು 21ನೆಯ ನಿವೇಶನ. ಹಿಂದಿಯ 'ಕ' ಆಗಲಿ, ತಮಿಳಿನ 'ಕ' ಆಗಲಿ, ನಮ್ಮ 'ಕ' ಆಗಲಿ, ತಂತಮ್ಮ ಬಡಾವಣೆಯ 21ರಲ್ಲಿ ವಾಸ. ಇದು ನಿಜವಾಗಿಯೂ ಸುಂದರವಾದ ಏರ್ಪಾಡೆಂಬುದನ್ನು ನಾವು ಒಪ್ಪಲೇಬೇಕು.

ಈಗ ಕನ್ನಡದ ಬಡಾವಣೆಯಲ್ಲಿ ಸ್ವಲ್ಪ ಮುಂದೆ ನಡೆಯೋಣ. 49ರಲ್ಲಿ ಹಳಗನ್ನಡದ 'ಱ', 50ರಲ್ಲಿ 'ಲ', 51ರಲ್ಲಿ 'ಳ'. ಮುಂದಿನ 52ನೆಯದು ಖಾಲಿ ನಿವೇಶನ. 53ರಲ್ಲಿ 'ವ'. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ 52ರಲ್ಲಿ ವಾಸವಾಗಿರುವ ಅಕ್ಷರ ಯಾವುದು? ಹಳಗನ್ನಡದಲ್ಲಿ 'ೞ' ಎಂದು ಬರೆಯುತ್ತಿದ್ದ ಅದೇ ಅಕ್ಷರ. ಹಾಗಾದರೆ ನಮ್ಮ 'ೞ' ಎಲ್ಲಿಗೆ ಹೋಯಿತು? ಅದು ವ್ಯಂಜನಗಳ ಬೀದಿಯನ್ನೇ ಬಿಟ್ಟು, ಸ್ವರಚಿಹ್ನೆಗಳ ಬೀದಿಯನ್ನೂ ದಾಟಿ, ದೂರದ 94ನೆಯ ನಿವೇಶನದಲ್ಲಿ ನೆಲಸಿದೆ. ಅಷ್ಟಾದರೂ ಸಹಿಸಬಹುದಾಗಿತ್ತು. ಅಲ್ಲಿ ಬಾಗಿಲಿಗೆ ಹಾಕಿರುವ ಹೆಸರಿನ ಹಲಗೆ ನೋಡಿದರೆ 'ಕನ್ನಡ ಅಕ್ಷರ ಫ' ಎಂದಿದೆ! ಇಂಗ್ಲಿಷಿನ 'ಎಫ್' ಮತ್ತು 'ಎ' ಸೇರಿಸಿ ಬರೆದ 'ಫ'.

ಕೇಶಿರಾಜನು 13ನೆಯ ಶತಮಾನದಲ್ಲಿ ಬರೆದ 'ಶಬ್ದಮಣಿದರ್ಪಣ'ದಲ್ಲಿ ಈ ಅಕ್ಷರವನ್ನು 'ಳ'ದಿಂದ ಬೇರ್ಪಡಿಸಿ, ಇದಿರುವ ಪದಗಳನ್ನು ಎಣಿಸಿ ಹೇಳಿದ್ದಾನೆ. ಜನರ ಬಾಯಿಂದ ಜಾರುತ್ತಿದ್ದ ಅಕ್ಷರವು ಗ್ರಂಥದಲ್ಲಾದರೂ ಉಳಿಯಲೆಂಬುದೇ ಆ ಶ್ರಮದ ಫಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿಯೂ ಅದು ಮರ್ಯಾದೆಯಿಂದ ಕುಳಿತಿದೆ. ಎಂದರೆ, ಅಚ್ಚಿನಲ್ಲಿ ಸಾಕ್ಷ್ಯವು ಸಿದ್ಧವಾಗಿ ಸುಮಾರು ಒಂದು ನೂರು ವರ್ಷ ಕಳೆದ ಮೇಲೆ, ಸಮಿತಿಯೊಂದು ಅದಕ್ಕೆ ಸಂಬಂಧವೇ ಇಲ್ಲದ ಹೆಸರನ್ನಿಟ್ಟು ಮೊಹರು ಮಾಡಿತು. ಏಳು ಶತಮಾನ ಬದುಕಿ ಬಂದ ಅಕ್ಷರವು ಗಣಕದ ಬಾಗಿಲಲ್ಲಿ ಅನ್ಯನಾಮ ಪಡೆದು ಒಳಹೋಗಬೇಕಾಯಿತು.

ತಪ್ಪಾಗಿದ್ದರೆ ತಿದ್ದಬಾರದೇ ಎಂದು ವಾಚಕರು ಕೇಳಬಹುದು. ತಿದ್ದುವಂತಿಲ್ಲ! ಒಮ್ಮೆ ಕೊಟ್ಟ ಹೆಸರನ್ನೂ ಸ್ಥಾನವನ್ನೂ ಎಂದಿಗೂ ಬದಲಿಸಬಾರದೆಂಬುದು ಯೂನಿಕೋಡಿನ ದೃಢವಾದ ಕಟ್ಟಳೆ. ಅವರು ಮಾಡಿರುವುದಿಷ್ಟೆ: ಈ ಹೆಸರು ತಪ್ಪೆಂದು ಒಪ್ಪಿ, ಪಕ್ಕದಲ್ಲಿ ಸರಿಯಾದ ಹೆಸರನ್ನು ಉಪನಾಮವಾಗಿ ಬರೆದಿಟ್ಟಿದ್ದಾರೆ. 'ಹಳೆ ನಂ., ಹೊಸ ನಂ.' ಎಂಬ ನಮ್ಮ ಗೋಡೆಬರಹದ ನ್ಯಾಯವೇ ಇಲ್ಲಿಯೂ ನಡೆದಿದೆ.

ಈ ಕಟ್ಟಳೆಯನ್ನು ನಾವು ಹಳಿಯುವುದಿಲ್ಲ. ಅದರ ಹಿಂದೆ ವಿವೇಕವಿದೆ. ಲೋಕದ ಕೋಟ್ಯಂತರ ಯಂತ್ರಗಳು ಆ ಪಟ್ಟಿಯನ್ನು ನಂಬಿ ಕಾಗದಪತ್ರಗಳನ್ನು ಬರೆದಿಟ್ಟಿವೆ. ಇಂದು ಒಂದು ಸ್ಥಾನವನ್ನು ಕದಲಿಸಿದರೆ ನಿನ್ನೆ ಬರೆದುದನ್ನು ನಾಳೆ ಓದಲಾಗದು. ವಚನಭಂಗಕ್ಕಿಂತ ಕೆಟ್ಟ ಹೆಸರೇ ಲೇಸೆಂದು ಅವರು ತೀರ್ಮಾನಿಸಿದ್ದಾರೆ. ಆದರೆ ಇದರಿಂದ ಕಲಿಯಬೇಕಾದ ಪಾಠವೊಂದಿದೆ. ಎಲ್ಲಿ ತಿದ್ದುಪಾಟಿಗೆ ಅವಕಾಶವಿಲ್ಲವೋ ಅಲ್ಲಿ ಹೆಸರಿಡುವ ದಿನವೇ ಹಾಜರಿರಬೇಕು. ನಾಮಕರಣಕ್ಕೆ ಬಾರದ ಸೋದರಮಾವನು ಮದುವೆಯ ದಿನ ಹೆಸರಿನ ವಿಷಯದಲ್ಲಿ ತಕರಾರು ಮಾಡಿದರೆ ಕೇಳುವವರಾರು? ನಮ್ಮ ನೆರೆಯ ತೆಲುಗರನ್ನು ನೋಡಿರಿ. ಅವರ ಬಡಾವಣೆಯಲ್ಲಿಯೂ 52 ಖಾಲಿಯಾಗಿಯೇ ಇತ್ತು. ತಮ್ಮ ಹಳೆಯ ಬರವಣಿಗೆಯಲ್ಲಿ ಇದೇ ಅಕ್ಷರ ಉಂಟೆಂಬುದಕ್ಕೆ ಆಧಾರಗಳು ಸಮಿತಿಯ ಮುಂದೆ ಬಂದ ಮೇಲೆ, 2014ರ ಆವೃತ್ತಿಯಲ್ಲಿ ಅದು ಸರಿಯಾದ ಹೆಸರಿನಿಂದ ಸರಿಯಾದ 52ರಲ್ಲಿಯೇ ಗೃಹಪ್ರವೇಶ ಮಾಡಿತು.

ಹೆಸರಿನ ತೊಡಕು ಅಕ್ಷರಗಳಿಗೆ ಮಾತ್ರ ಸೀಮಿತವಲ್ಲ, ಮನುಷ್ಯರಿಗೂ ತಗಲಿದೆ. ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಹೆಸರು, ತಂದೆಯ ಹೆಸರುಗಳನ್ನು ಒಂದೊಂದು ಅಕ್ಷರಕ್ಕೆ ಇಳಿಸಿ ಮುಂದೆ ಇಟ್ಟುಕೊಳ್ಳುವುದು ರೂಢಿ. ಕುಲನಾಮವೆಂಬುದು ಅನೇಕರಿಗೆ ಇಲ್ಲವೇ ಇಲ್ಲ. ಗಣಕದ ಅರ್ಜಿಯೋ, 'ಕುಲನಾಮವನ್ನು ತುಂಬಿದ ಹೊರತು ಮುಂದೆ ಬಿಡೆನು' ಎಂದು ಬಾಗಿಲಲ್ಲಿ ನಿಲ್ಲುತ್ತದೆ. 'ಕೆ' ಎಂದು ಬರೆದರೆ, ಒಂದಕ್ಷರದ ಹೆಸರು ಲೋಕದಲ್ಲಿಲ್ಲವೆಂದು ತಿರಸ್ಕರಿಸುತ್ತದೆ. ಬೇಸತ್ತ ಗೃಹಸ್ಥನು ಅದನ್ನೇ ಬಿಡಿಸಿ ಬರೆದರೆ, ಅಂದಿನಿಂದ ಅವನಿಗೆ ಬರುವ ಪತ್ರಗಳೆಲ್ಲವೂ 'ಪ್ರಿಯ ಶ್ರೀಮಾನ್ ಕೆಂಗೇರಿಯವರೇ' ಎಂದು ಆರಂಭವಾಗುತ್ತವೆ. ಒಬ್ಬ ಮನುಷ್ಯನಿಗೆ ಇಡೀ ಊರಿನ ಪಟ್ಟಾಭಿಷೇಕ! ಇದು ಯಂತ್ರದ ತಪ್ಪಲ್ಲ. ಎಲ್ಲರ ಹೆಸರೂ ತನ್ನ ಹೆಸರಿನಂತೆಯೇ ಇರುವುದೆಂದು ಎಲ್ಲಿಯೋ ಕುಳಿತ ರಚನಕಾರನು ಭಾವಿಸಿದ ತಪ್ಪು. ಆ ರಚನಕಾರನು ವಿಜಯನಗರದವನೇ ಆಗಿದ್ದು, ಅವನ ತಂದೆಗೇ ಕುಲನಾಮವಿಲ್ಲದಿರುವ ಸಂದರ್ಭವೂ ಇಲ್ಲದಿಲ್ಲ. ಕೊಟ್ಟ ನಮೂನೆಯನ್ನು ಪ್ರಶ್ನಿಸದೆ ತುಂಬುವುದನ್ನು ನಾವು ಶಾಲೆಯಲ್ಲಿಯೇ ಕಲಿತುಬಿಡುತ್ತೇವಷ್ಟೆ.

ಗಣಕದೊಳಗೆ ಕನ್ನಡವು ನೆಲೆಯೂರಿದ ಕಥೆಯಲ್ಲಿ ಅಭಿಮಾನಪಡಬೇಕಾದ ಸಂಗತಿಗಳೂ ಉಂಟು. ಕೆ. ಪಿ. ರಾಯರು ಕನ್ನಡದ ಧ್ವನಿಕ್ರಮವನ್ನು ಅನುಸರಿಸಿ ರೂಪಿಸಿದ ಕೀಲಿಮಣೆಯಲ್ಲಿ, ವ್ಯಂಜನವನ್ನು ಮೊದಲು ಒತ್ತಿ ಸ್ವರವನ್ನು ಬಳಿಕ ಒತ್ತಿದರೆ ಯಂತ್ರವೇ ಗುಣಿತಾಕ್ಷರವನ್ನು ಕೂಡಿಸಿಕೊಡುತ್ತದೆ. ಇಂಗ್ಲಿಷಿನ 26 ಕೀಲಿಗಳಲ್ಲಿಯೇ ನಮ್ಮ ವರ್ಣಮಾಲೆ ಒಗ್ಗಿಕೊಂಡಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯು ಸರ್ಕಾರದ ಕಚೇರಿಗಳಲ್ಲಿ ಬಳಕೆಗೆ ಬಂದಿತು. ಯಂತ್ರಗಳಿಗೆ ಇಂಗ್ಲಿಷು ಬಿಟ್ಟು ಬೇರೇನೂ ತಿಳಿಯದಿದ್ದ ಆ ಕಾಲದಲ್ಲಿ ಇವರು ಒಂದು ಉಪಾಯ ಮಾಡಬೇಕಾಯಿತು. ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕುಳ್ಳಿರಿಸಿದರು. ನಮ್ಮ ಕಣ್ಣಿಗೆ 'ಕ' ಎಂದು ತೋರುವುದು ಯಂತ್ರದ ಮನಸ್ಸಿನಲ್ಲಿ 'ಪಿ' ಎಂಬ ರೋಮನ್ ಅಕ್ಷರ ಮತ್ತು ತಲೆಯ ಮೇಲೆ ಗೀಟಿರುವ ಒಂದು 'ಎ'. ಎಂದರೆ, ಯಂತ್ರವು ಕನ್ನಡದ ವೇಷ ತೊಟ್ಟು ಒಳಗೊಳಗೇ ಅರ್ಥವಿಲ್ಲದ ಇಂಗ್ಲಿಷನ್ನು ಬರೆದುಕೊಳ್ಳುತ್ತಿತ್ತು.

ಆ ಕಾಲಕ್ಕೆ ಅದು ಅನಿವಾರ್ಯವಾಗಿತ್ತು, ಉಪಕಾರವೂ ಆಯಿತು. ಆದರೆ ವೇಷವು ಅಕ್ಷರಶೈಲಿಯಲ್ಲಿದ್ದುದರಿಂದ, ಆ ಶೈಲಿಯಿಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದರೆ ವೇಷ ಕಳಚಿ, ಯಾವ ಭಾಷೆಯೂ ಅಲ್ಲದ ಗೀಚುಗಳು ಕಾಣುತ್ತವೆ. 'ಕರ್ನಾಟಕ' ಎಂದು ಹುಡುಕಿದರೆ ಆ ಪದವು ಅದರೊಳಗೆ ಸಿಕ್ಕುವುದಿಲ್ಲ. ಹೀಗೆ ಬರೆದ ಹಳೆಯ ಕಡತಗಳನ್ನು, ಪುಸ್ತಕಗಳನ್ನು, ಲೇಖನಗಳನ್ನು ಯೂನಿಕೋಡಿಗೆ ಪರಿವರ್ತಿಸಿಡದಿದ್ದರೆ, ಅವು ಕಪಾಟಿನಲ್ಲಿದ್ದೂ ಇಲ್ಲದಂತೆ ಆಗುವುವು. ತಾಳೆಯೋಲೆಯನ್ನು ಹುಳು ತಿನ್ನಲು ನೂರಾರು ವರ್ಷ ಬೇಕಾಗುತ್ತಿತ್ತು. ಅಕ್ಷರಶೈಲಿಯು ಮರೆಯಾಗಲು ಹತ್ತಿಪ್ಪತ್ತು ವರ್ಷ ಸಾಕು.

ಯೂನಿಕೋಡಿನಲ್ಲಿಯೂ ಸೂಕ್ಷ್ಮಗಳಿಲ್ಲವೆಂದಲ್ಲ. 'ಸೂರ್ಯ' ಎಂದು ಬರೆಯುವಾಗ ರಕಾರವು ಅರ್ಕಾವೊತ್ತಾಗಿ ಹಿಂದಕ್ಕೆ ಸರಿದು ನಿಲ್ಲುವುದು ನಮ್ಮ ಲಿಪಿಯ ಸಂಪ್ರದಾಯ. ಆದರೆ ಪರೀಕ್ಷೆಯಲ್ಲಿ ಬರುವ 'ರ‍್ಯಾಂಕ್' ಎಂಬ ಪದದಲ್ಲಿ ರಕಾರವು ಮುಂದೆಯೇ ನಿಲ್ಲಬೇಕು. ಎರಡು ಕಡೆಯೂ ಅಕ್ಷರಗಳು ಅವೇ; ಯಂತ್ರಕ್ಕೆ ವ್ಯತ್ಯಾಸ ತಿಳಿಯುವುದು ಹೇಗೆ? ಅದಕ್ಕಾಗಿ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಸೇರಿಸಬೇಕು. ಬೆಲೆಯಿಲ್ಲ, ಆಕಾರವಿಲ್ಲ, ಉಚ್ಚಾರವಿಲ್ಲ. ಆದರೂ ಅದಿಲ್ಲದಿದ್ದರೆ ಪದ ಕೆಡುತ್ತದೆ. ನಿರಾಕಾರವಾದುದೊಂದು ಸಾಕಾರವನ್ನು ನಡೆಸುತ್ತದೆಂಬ ತತ್ತ್ವಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ವೇದಾಂತಿಗಳಿಗೂ ಸಿಕ್ಕಲಾರದು.

ಇನ್ನು ಉಳಿತಾಯದ ವಿಷಯ. ಅರ್ಧ ಮಾತ್ರೆಯಷ್ಟು ಉಳಿದರೂ ನಮ್ಮ ಪ್ರಾಚೀನ ವೈಯಾಕರಣರು ಹಬ್ಬ ಮಾಡುತ್ತಿದ್ದರೆಂಬುದು ಪ್ರಸಿದ್ಧ. ಭಟ್ಟಾಕಳಂಕನು 1604ರಲ್ಲಿ ಇಡೀ ಕನ್ನಡ ಭಾಷೆಯ ನಡೆಯನ್ನು 592 ಸಂಸ್ಕೃತ ಸೂತ್ರಗಳಲ್ಲಿ ಅಡಕ ಮಾಡಿದನು. ಸಾಮಾನ್ಯ ವಿಧಿ, ಅದಕ್ಕೆ ಅಪವಾದ, ಹೀಗೆ ಕ್ರಮಗೊಳಿಸಿದ ಸೂತ್ರಗ್ರಂಥವನ್ನು ನೋಡಿದರೆ ಇಂದಿನ ಕ್ರಮವಿಧಿ ಬರೆಯುವವನು ತನ್ನ ಬಂಧುವನ್ನು ಕಂಡಂತೆ ಸಂತೋಷಪಟ್ಟಾನು. ಆದರೆ ಎಲ್ಲ ಉಳಿತಾಯವೂ ಪಾಂಡಿತ್ಯವಲ್ಲ. ಯಂತ್ರದ ಸ್ಮೃತಿ ದುಬಾರಿಯಾಗಿದ್ದ ಕಾಲದಲ್ಲಿ ಇಸವಿಯನ್ನು ಕೊನೆಯ ಎರಡು ಅಂಕೆಗಳಲ್ಲಿ ಬರೆದು ಎರಡು ಅಂಕೆ ಉಳಿಸಿದರು. 1999 ಮುಗಿಯುತ್ತ ಬಂದಾಗ, ಮುಂದೆ ಬರುವ '00' ಎಂಬುದು 1900 ಎಂದು ಯಂತ್ರವು ಬಗೆದೀತೆಂದು ಲೋಕವೆಲ್ಲ ಕಂಗೆಟ್ಟಿತು. ಆ ತೇಪೆಯ ಕೆಲಸದ ಒಂದು ಭಾಗ ಭಾರತದ ತರುಣರ ಪಾಲಿಗೆ ಬಂದು, ಬೆಂಗಳೂರಿನ ಅದೃಷ್ಟ ತೆರೆಯಿತು. ಹಿರಿಯರು ಮಾಡಿದ ಜಿಪುಣತನದಿಂದ ಕಿರಿಯರಿಗೆ ಜೀವನೋಪಾಯ ದೊರೆತುದಕ್ಕೆ ಇದೊಂದು ಅಪೂರ್ವ ನಿದರ್ಶನ.

ಕಡೆಯದಾಗಿ ಪಾಲು ಮಾಡುವ ವಿದ್ಯೆ. ಕೆಲಸ ತಡವಾಗಿದೆಯೆಂದು ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆಂದು ಅಮೆರಿಕೆಯ ಫ್ರೆಡ್ರಿಕ್ ಬ್ರೂಕ್ಸ್ ಎಂಬ ಅನುಭವಸ್ಥನು 1975ರಲ್ಲಿ ಬರೆದ ಗ್ರಂಥದಲ್ಲಿ ತೋರಿಸಿಕೊಟ್ಟನು. ಕಾರಣ ಸರಳ. ಐದು ಜನರಿದ್ದರೆ ಅವರ ನಡುವೆ ಇಬ್ಬಿಬ್ಬರ ಮಾತುಕತೆಗಳು ಹತ್ತು. ಹತ್ತು ಜನರಾದರೆ ನಲವತ್ತೈದು. ಕೈಗಳು ಇಮ್ಮಡಿಯಾದರೆ ಬಾಯಿಗಳ ಕೆಲಸ ನಾಲ್ಮಡಿ ಮೀರುತ್ತದೆ. ಮದುವೆಮನೆಯ ಅಡುಗೆಭಟ್ಟರು ಇದನ್ನು ಯಾವ ಗ್ರಂಥವನ್ನೂ ಓದದೆ ಬಲ್ಲರು. ಆದುದರಿಂದಲೇ ನೆಂಟರನ್ನು ಒಲೆಯ ಬಳಿಗೆ ಬಿಡುವುದಿಲ್ಲ.

ಸಾಫ್ಟ್‌ವೇರಿನವರಲ್ಲಿ ಇದೇ ಕಾರಣದಿಂದ ಎರಡು ಪಂಥಗಳಿವೆ. ಎಲ್ಲವೂ ಒಂದೇ ದೊಡ್ಡ ಕಟ್ಟಡದಲ್ಲಿರಲಿ ಎನ್ನುವವರೊಂದು ಕಡೆ. ಸಣ್ಣ ಸಣ್ಣ ಭಾಗಗಳಾಗಿ ಒಡೆದು, ಅವು ಒಂದರೊಡನೊಂದು ಕಾಗದ ಬರೆದುಕೊಂಡು ಬಾಳಲಿ ಎನ್ನುವವರು ಇನ್ನೊಂದು ಕಡೆ. ನಮ್ಮ ನಗರವು ಎರಡನ್ನೂ ಮಾಡಿ ನೋಡಿದೆ. 1949ರಲ್ಲಿ ನಗರ ಮತ್ತು ದಂಡಿನ ಎರಡು ಪುರಸಭೆಗಳನ್ನು ಕೂಡಿಸಿ ಒಂದು ಮಾಡಿದರು. 2007ರಲ್ಲಿ ಏಳು ನಗರಸಭೆಗಳನ್ನೂ, 110 ಹಳ್ಳಿಗಳನ್ನೂ, ಒಂದೇ ಒಂದು ಪುರಸಭೆಯನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಕಟ್ಟಿದರು. ಆ ಒಂಟಿ ಪುರಸಭೆಯೇ ನಮ್ಮ ಕೆಂಗೇರಿ. 2025ರಲ್ಲಿ ಅದೇ ಬೃಹತ್ತನ್ನು ಒಡೆದು ಐದು ಪಾಲಿಕೆಗಳನ್ನು ಮಾಡಿ, ಮೇಲೊಂದು ಪ್ರಾಧಿಕಾರವನ್ನು ಇರಿಸಿದರು. ಕೂಡಿಸಿದುದೂ ಸುಧಾರಣೆಯೇ, ಒಡೆದುದೂ ಸುಧಾರಣೆಯೇ. ಆದರೆ ಐದು ಪಾಲಿಕೆಗಳೆಂದರೆ ಹತ್ತು ಮಾತುಕತೆಗಳೆಂಬ ಬ್ರೂಕ್ಸನ ಲೆಕ್ಕವನ್ನು ಆಡಳಿತಗಾರರು ಮರೆಯದಿರಲಿ. ವೃಷಭಾವತಿಯ ಕೊಳಚೆಯು ಎಲ್ಲೆಯ ಕಲ್ಲನ್ನು ನೋಡಿ ನಿಂತು, ದಾಟಲು ಅಪ್ಪಣೆ ಕೇಳುವುದಿಲ್ಲ. ಪಾಲು ಮಾಡುವುದರ ಜಾಣ್ಮೆಯಿರುವುದು ಗೆರೆ ಎಳೆಯುವುದರಲ್ಲಲ್ಲ. ಗೆರೆಯನ್ನು ದಾಟುವ ವಸ್ತುವಿಗೆ ಯಾರು ಹೊಣೆಯೆಂದು ಮೊದಲೇ ಬರೆದಿಡುವುದರಲ್ಲಿ.

1947ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದವರ ಗಣಕಯಂತ್ರವೊಂದು ಕೆಟ್ಟಾಗ, ಒಳಗೆ ಸಿಕ್ಕಿಕೊಂಡಿದ್ದ ಒಂದು ಪತಂಗವನ್ನು ತೆಗೆದು ದಿನಚರಿಯ ಪುಟಕ್ಕೆ ಅಂಟಿಸಿದರಂತೆ. ಯಂತ್ರದ ದೋಷವನ್ನು ಹುಳುವೆಂದು ಕರೆಯುವ ರೂಢಿ ಅದಕ್ಕೂ ಹಿಂದಿನದು. ಅಂದು ಮಾತ್ರ ನಿಜವಾದ ಹುಳುವೇ ದೊರೆಯಿತು. ಹುಳುವನ್ನು ಚಿಮಟದಿಂದ ತೆಗೆಯಬಹುದು. ಕ್ರಮವಿಧಿಯ ಸಾಲನ್ನು ಒಂದು ರಾತ್ರಿ ಕುಳಿತು ತಿದ್ದಬಹುದು. ಹೆಸರು, ವಿಳಾಸ, ಕಟ್ಟಳೆಗಳಲ್ಲಿ ಒಮ್ಮೆ ಸೇರಿದ ತಪ್ಪು ಮಾತ್ರ ಹಾಗೆ ಹೋಗದು.

ಪಶ್ಚಿಮ ಬಡಾವಣೆಗಳ ನಮ್ಮ ತರುಣ ತರುಣಿಯರಲ್ಲಿ ನಾವು ಬಿನ್ನವಿಸುವುದಿಷ್ಟೆ. ಪರದೇಶದ ಬ್ಯಾಂಕುಗಳ ಲೆಕ್ಕವನ್ನೂ ಅಂಗಡಿಗಳ ಲೆಕ್ಕವನ್ನೂ ನೀವು ಸಮರ್ಥರಾಗಿ ಬರೆಯುತ್ತಿದ್ದೀರಿ. ಅದು ಸಂತೋಷದ ವಿಷಯವೇ. ಆ ಸಾಮರ್ಥ್ಯದ ಒಂದಂಶವು ಮನೆಯ ಭಾಷೆಗೂ ಸಲ್ಲಲಿ. ಯೂನಿಕೋಡಿನ ಸಮಿತಿಗೆ ಆಧಾರಸಹಿತವಾದ ಮನವಿಯನ್ನು ಯಾರು ಬೇಕಾದರೂ ಕಳುಹಿಸಬಹುದು. ಅದಕ್ಕೆ ರಾಜಮುದ್ರೆ ಬೇಕಾಗಿಲ್ಲ. ಹಳೆಯ ಅಕ್ಷರಶೈಲಿಗಳಲ್ಲಿ ಸೆರೆಯಾಗಿರುವ ಬರಹಗಳನ್ನು ಬಿಡಿಸುವುದು ಬಿಡುವಿನ ಭಾನುವಾರಗಳಲ್ಲಿ ಆಗತಕ್ಕ ಕೆಲಸ. ನಿಮ್ಮ ಕಚೇರಿಯಲ್ಲಿ ಹೊಸ ಅರ್ಜಿಯ ನಮೂನೆ ಸಿದ್ಧವಾಗುವಾಗ, ಕುಲನಾಮವಿಲ್ಲದ ನಿಮ್ಮ ತಂದೆಯವರು ಇದನ್ನು ತುಂಬಬಲ್ಲರೇ ಎಂದು ಒಮ್ಮೆ ಕೇಳಿರಿ. ಕೇಶಿರಾಜನಿಗೆ ಗಣಕಯಂತ್ರವಿರಲಿಲ್ಲ, ಅಳಿಯುವ ಅಕ್ಷರವನ್ನು ಉಳಿಸಬೇಕೆಂಬ ಎಚ್ಚರ ಮಾತ್ರ ಇತ್ತು. ನಮಗೆ ಯಂತ್ರಗಳಿಗೆ ಕೊರತೆಯಿಲ್ಲ. 52ನೆಯ ನಿವೇಶನವು ಖಾಲಿ ಬಿದ್ದುದು ಆ ಎಚ್ಚರವಿಲ್ಲದುದರಿಂದ.